ಎಣ್ಣೆ ಪಂಡಿತರು

ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡವರೆಲ್ಲ ಕುಬೇರರೇನಲ್ಲ. 1970ರ ದಶಕದ ಹಳೇ ಸೆಸ್ನಾ 172 ಒಂದನ್ನು ಸಾಲ ಮಾಡಿ ಕೊಂಡು, ಊರಾಚೆಯ ಪುಟ್ಟ ನಿಲ್ದಾಣದ ತಗಡಿನ ಹ್ಯಾಂಗರಿನಲ್ಲಿ ನಿಲ್ಲಿಸಿಕೊಂಡ ಮೇಷ್ಟ್ರು, ಹಲ್ಲಿನ ಡಾಕ್ಟರು, ನಿವೃತ್ತ ಎಂಜಿನಿಯರು ಅಲ್ಲಿ ಬೇಕಾದಷ್ಟು ಜನ. ಇಂಥ ನಿಲ್ದಾಣಕ್ಕೆ ಒಬ್ಬರಂತೆ ಎಣ್ಣೆ ಪಂಡಿತರು ಇದ್ದೇ ಇರುತ್ತಾರೆ. ಅರವತ್ತು ದಾಟಿದ ವಯಸ್ಸು, ಯಾವುದೋ ಎಣ್ಣೆ ಕಂಪನಿ ಪುಕ್ಕಟೆ ಕೊಟ್ಟ ಟೋಪಿ, ಪ್ಯಾಂಟಿನ ಜೇಬಿನಲ್ಲಿ ಎರಡು ಹಳೇ ಬಟ್ಟೆ. ಒಂದು ತಮ್ಮ ಕೈ ಒರೆಸಿಕೊಳ್ಳಲು, ಇನ್ನೊಂದು ಕಂಡವರ ಡಿಪ್‌ಸ್ಟಿಕ್ ಒರೆಸಲು. ನೀವು ಕರೆಯದಿದ್ದರೂ ಬಂದು, ನಿಮ್ಮ ವಿಮಾನದ ಡಿಪ್‌ಸ್ಟಿಕ್ ಎಳೆದು, ಬೆಳಕಿಗೆ ಹಿಡಿದು, ಮೂಸಿ, "ಹೂಂ..." ಎನ್ನುತ್ತಾರೆ. ಅಷ್ಟೇ. ಅವತ್ತು ರಾತ್ರಿ ನಿಮಗೆ ನಿದ್ದೆ ಹತ್ತುವುದಿಲ್ಲ.

ಒಂದು ಶನಿವಾರ ಇವರ ಕೈಗೆ ಸಿಕ್ಕಿಬಿದ್ದವನು ಹೊಸದಾಗಿ ವಿಮಾನ ಕೊಂಡ ಹುಡುಗ. "ಸರ್, ಯಾವ ಎಣ್ಣೆ ಹಾಕಲಿ?" ಅಂತ ಕೇಳಿಬಿಟ್ಟ. ಪಂಡಿತರು ಮಡಿಸುವ ಕುರ್ಚಿ ಬಿಡಿಸಿ ಹಾಕಿದರು. ವಿಷಯ ಗೊತ್ತಿದ್ದವರು ಹೆಂಡತಿ, ಮನೆ, ನಾಯಿ ಎಂದು ಒಂದೊಂದು ನೆಪ ಹೇಳಿ ಜಾಗ ಖಾಲಿ ಮಾಡಿದರು.

"ಕಾರಿಗೆ ಹಾಕೋದನ್ನೇ ಹಾಕಿದ್ರೆ ಆಗಲ್ವಾ?"

"ಮೆಲ್ಲಗೆ ಮಾತಾಡೋ ತಮ್ಮಾ, ಎಂಜಿನ್ನಿಗೆ ಕೇಳಿಸೀತು!"

ಕಾರಿನ ಎಣ್ಣೆಯಲ್ಲಿ ಲೋಹ ಬೆರೆತ ಡಿಟರ್ಜೆಂಟ್ ಇರುತ್ತದೆ. ವಿಮಾನದ ಎಂಜಿನ್ನೋ ಹಾರುವಷ್ಟು ಹೊತ್ತೂ ಎಣ್ಣೆಯನ್ನು ಅಷ್ಟಿಷ್ಟು ಸುಡುತ್ತಲೇ ಇರುತ್ತದೆ. ಆ ಲೋಹ ಸಿಲಿಂಡರಿನೊಳಗೆ ಬೂದಿಯಾಗಿ ಕಟ್ಟಿಕೊಂಡು, ಕೆಂಡವಾಗಿ, ಪ್ಲಗ್ಗು ಕಿಡಿ ಹಾರಿಸುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚಬಹುದು. ಹಾಗಾಗಿ ಇಲ್ಲಿ ಬೂದಿ ಬಿಡದ ಎಣ್ಣೆಯೇ ಬೇಕು. ಮಾತು ನೂರಕ್ಕೆ ನೂರು ನಿಜ. ಇಲ್ಲಿಗೇ ನಿಲ್ಲಿಸಿದ್ದರೆ ಅವರು ಪಂಡಿತರು ಹೇಗಾದಾರು?

ನೇರವಾಗಿ ಮೊದಲನೇ ಮಹಾಯುದ್ಧಕ್ಕೆ ಹೋದರು. 1914ರಿಂದ 18ರವರೆಗೆ ಗರಗರ ತಿರುಗುತ್ತಿದ್ದ ರೋಟರಿ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಒಳಗೆ ಹೋದ ಎಣ್ಣೆ ಮತ್ತೆ ಟ್ಯಾಂಕಿಗೆ ಬರುತ್ತಿರಲಿಲ್ಲ. ಹೊಗೆಯ ಜೊತೆ ಹೊರಬಿದ್ದು ಪೈಲಟ್ಟಿನ ಮೂಗು ಬಾಯಿಗೆ ನುಗ್ಗುತ್ತಿತ್ತು. ಮುಂದೇನಾಗುತ್ತಿತ್ತು ಎಂಬುದನ್ನು, ಚಿಕ್ಕಂದಿನಲ್ಲಿ ಅಜ್ಜಿಯ ಕೈಯಲ್ಲಿ ಹರಳೆಣ್ಣೆ ಕುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಪಾಪ, ಅವರು ಅಷ್ಟು ಅವಸರವಾಗಿ ಕೆಳಗಿಳೀತಿದ್ದದ್ದು ಶತ್ರು ಭಯಕ್ಕೇ ಅಂತ ಇತಿಹಾಸದಲ್ಲಿ ಬರೆದಿದ್ದಾರೆ" ಎಂದರು ಪಂಡಿತರು.

"ಸರ್, ನನ್ನ ಎಣ್ಣೆ..."

"ಬಂದೆ, ಅಲ್ಲಿಗೇ ಬಂದೆ."

ಬಂದದ್ದು ಪಂಥಗಳ ಜಗಳಕ್ಕೆ. ಏರೋಶೆಲ್ ಡಬ್ಲ್ಯೂ100 ಸಿಂಗಲ್ ಗ್ರೇಡ್. ಅದರ 100 ಎಂದರೆ ಕಾರಿನವರ ಲೆಕ್ಕದಲ್ಲಿ 50. ಗಟ್ಟಿ ಎಣ್ಣೆ, ನಿಂತ ಎಂಜಿನ್ನಿನ ಭಾಗಗಳಿಗೆ ಹೆಚ್ಚು ದಿನ ಅಂಟಿಕೊಂಡಿರುತ್ತದೆ ಎಂದು ಒಂದು ಪಂಥ. ಚಳಿಯಲ್ಲಿ ಬೇಗ ಹರಿಯದ ಎಣ್ಣೆ ಯಾವ ಪುರುಷಾರ್ಥಕ್ಕೆ, 20ಡಬ್ಲ್ಯೂ-50 ಮಲ್ಟಿಗ್ರೇಡ್ ಹಾಕಿ ಎಂದು ಇನ್ನೊಂದು. ಪಂಡಿತರು ಎರಡೂ ಪಂಥದಲ್ಲಿ ಇದ್ದು ಬಂದವರು; ಇದ್ದಷ್ಟು ದಿನವೂ ಇನ್ನೊಂದನ್ನು ಬೈದವರು. ಪೂರ್ತಿ ಸಿಂಥೆಟಿಕ್ ಎಂದರೆ ಮಾತ್ರ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾರೆ. ಈ ವಿಮಾನಗಳ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ ಅರ್ಧ ಗ್ರಾಂನಷ್ಟು ಸೀಸ ಇರುತ್ತದೆ. ಮೊಬಿಲ್ ಎವಿ-1 ಎಂಬ ಸಿಂಥೆಟಿಕ್ ಎಣ್ಣೆಗೆ ಆ ಸೀಸದ ಕೊಳೆಯನ್ನು ತೇಲಿಸಿಟ್ಟುಕೊಳ್ಳಲು ಆಗದೆ, ಎಂಜಿನ್ನುಗಳಲ್ಲಿ ಗಸಿ ಕಟ್ಟಿ, 1990ರ ದಶಕದಲ್ಲಿ ಅದು ಮಾರುಕಟ್ಟೆಯಿಂದಲೇ ಹೊರಬಿತ್ತು.

ಇಷ್ಟಾದ ಮೇಲೆ ಕಪಾಟಿನಿಂದ ಫೈಲು ಬಂತು. ಬದಲಿಸಿದ ಎಣ್ಣೆಯ ಸ್ಯಾಂಪಲ್ಲನ್ನು ಪ್ರತಿ ಸಲ ಲ್ಯಾಬಿಗೆ ಕಳಿಸಿ ತರಿಸಿದ ವರದಿಗಳು: ಕಬ್ಬಿಣ ಇಷ್ಟು ಪಿಪಿಎಂ, ತಾಮ್ರ ಇಷ್ಟು, ಕ್ರೋಮಿಯಂ ಇಷ್ಟು. ಜಾತಕ ನೋಡುವ ಜೋಯಿಸರ ಹಾಗೆ ಪಂಡಿತರು ಬೆರಳಿಟ್ಟು ಓದುತ್ತಾ ಹೋದರು. ಆಮೇಲೆ ಒಂದು ಸೀಸೆ ತೆಗೆದು ತೋರಿಸಿದರು. "ನಾಲ್ಕು ತಿಂಗಳು ಎಂಜಿನ್ನಿನಲ್ಲಿದ್ದ ಎಣ್ಣೆ ಇದು. ಬಣ್ಣ ನೋಡು! ಹಾಕಿದಾಗ ಹೇಗಿತ್ತೋ ಹಾಗೇ ಇದೆ. ಎಣ್ಣೆ ಅಂದ್ರೆ ಹೀಗಿರಬೇಕು."

"ಎಷ್ಟು ಗಂಟೆ ಹಾರಿಸಿದ್ರಿ ಸರ್?"

ಪಂಡಿತರು ಟೋಪಿ ಸರಿ ಮಾಡಿಕೊಂಡರು. "ಮಳೆ ಇತ್ತು. ಆಮೇಲೆ ಗಾಳಿ. ಅದು ಬೇರೆ ವಿಷಯ ಬಿಡು."

ಐವತ್ತು ಗಂಟೆ ಹಾರಿದ ಮೇಲೆ ಅಥವಾ ನಾಲ್ಕು ತಿಂಗಳಾದ ಮೇಲೆ, ಯಾವುದು ಮೊದಲೋ ಆಗ ಎಣ್ಣೆ ಬದಲಿಸಿ ಎನ್ನುತ್ತದೆ ಈ ಎಂಜಿನ್ನು ಮಾಡುವ ಲೈಕಮಿಂಗ್ ಕಂಪನಿ. ಪಂಡಿತರ ವಿಮಾನ ಐವತ್ತರ ಮುಖ ಕಂಡದ್ದಿಲ್ಲ. ನಾಲ್ಕು ತಿಂಗಳ ಗಡುವನ್ನು ಒಮ್ಮೆಯೂ ಮೀರಿದ್ದಿಲ್ಲ.

ಪಕ್ಕದ ವಿಮಾನದ ಹೊಟ್ಟೆಯಡಿ ಮಲಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಇಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ. ಅಲ್ಲಿಂದಲೇ ಕೂಗಿದ: "ಎರಡರಲ್ಲಿ ಯಾವುದಾದ್ರೂ ಹಾಕಪ್ಪಾ! ಎಂಟು ಕ್ವಾರ್ಟ್ ಹಿಡಿಯುತ್ತೆ ಅಂತ ಎಂಟೂ ಸುರೀಬೇಡ, ಮೇಲಿನದು ಹೊರಗೆ ಬಂದು ಹೀಗೆ ಹೊಟ್ಟೆಗೆಲ್ಲ ಬಳಿಯುತ್ತೆ, ಒರೆಸೋನು ನಾನು. ಲೈಕಮಿಂಗಿನ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರೋದು. ನಿಲ್ಲಿಸಿಬಿಟ್ರೆ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತೆ, ಯಾವ ಬ್ರ್ಯಾಂಡೂ ಕಾಪಾಡಲ್ಲ. ನೆಲದ ಮೇಲೆ ಸುಮ್ನೆ ಸ್ಟಾರ್ಟ್ ಮಾಡಿಟ್ರೂ ಸಾಲದು. ವಾರಕ್ಕೊಂದು ಸಲ ಗಂಟೆ ಹೊತ್ತು ಹಾರಿಸು, ಎಣ್ಣೆ ಎಂಬತ್ತು ಡಿಗ್ರಿ ಕಾಯಲಿ, ಒಳಗಿನ ನೀರೆಲ್ಲ ಆವಿಯಾಗಿ ಹೋಗುತ್ತೆ."

ಹುಡುಗ ಕೈಗೆ ಸಿಕ್ಕ ಡಬ್ಬ ಎತ್ತಿಕೊಂಡು ಹೊರಟ. ಪಂಡಿತರಿಗೆ ಬೇಸರವೇನೂ ಆಗಲಿಲ್ಲ, ಮೆಕ್ಯಾನಿಕ್ಕಿನ ಮಾತಿಗೆ ಅವರೇ ಮೊದಲು ತಲೆದೂಗಿದರು.

"ನಿಜ ನಿಜ, ಹಾರಿಸಲೇಬೇಕು. ನಾನೂ ಹಾರಿಸ್ತೀನಿ. ಮೊದಲು ಯಾವ ಎಣ್ಣೆ ಅನ್ನೋದೊಂದು ತೀರ್ಮಾನ ಆಗಿಬಿಡಲಿ."