ಕಾಲೆಟುಕದ ಸಿಂಹಾಸನ

ಶೋರೂಮಿನ ಹುಡುಗ ಬಲು ಚುರುಕು. ನಾನು ಗಾಡಿ ಹತ್ತುತ್ತಿದ್ದ ಹಾಗೇ ಹಿಂದಿನ ಕ್ಯಾರಿಯರ್ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡ. ಎದುರಿನ ಗಾಜಿನಲ್ಲಿ ಕಂಡದ್ದು ಲಡಾಖಿಗೆ ಹೊರಟು ನಿಂತ ವೀರ; ಹಿಂದೆ ಹಿಡಿದಿದ್ದ ಹುಡುಗನ ಕೈ ಕಾಣಲಿಲ್ಲ.

“ಕಾಲು ಪೂರ್ತಿ ಊರ್ತಿಲ್ವಲ್ಲಪ್ಪ” ಅಂದೆ.

“ಹತ್ತು ದಿನ ಓಡ್ಸಿ ಸರ್, ಅಭ್ಯಾಸ ಆಗೋಗತ್ತೆ.”

ಹತ್ತು ದಿನದಲ್ಲಿ ಕಾಲು ಬೆಳೆಯುತ್ತದೋ, ಬೀಳುವುದು ಅಭ್ಯಾಸವಾಗುತ್ತದೋ, ಅವನು ಬಿಡಿಸಿ ಹೇಳಲಿಲ್ಲ. ಎರಡನೆಯದು ಅಂತ ಐದನೇ ದಿನಕ್ಕೇ ಗೊತ್ತಾಯಿತು.

ನನ್ನ ಎತ್ತರ ಐದು ಅಡಿ ಮೂರಿಂಚು. ಈ ದೇಶದ ಗಂಡಸಿನ ಸರಾಸರಿ ಎತ್ತರ ಸುಮಾರು 165 ಸೆಂ.ಮೀ., ಅಂದರೆ ನಾನು ಸರಾಸರಿಗಿಂತ ಎರಡೇ ಇಂಚು ಕಮ್ಮಿ. ಹೆಂಗಸರ ಸರಾಸರಿ ಇನ್ನೂ ಕೆಳಗೆ, 152ರ ಆಸುಪಾಸು. ಇನ್ನು ಗಾಡಿಗಳ ಜಾತಕ ನೋಡಿ. ಹಾಲಿನವನೂ ಪೇಪರಿನವನೂ ಓಡಿಸುವ ಸ್ಪ್ಲೆಂಡರ್ ಸೀಟು ನೆಲದಿಂದ 785 ಮಿ.ಮೀ. ಕ್ಲಾಸಿಕ್ 350ಕ್ಕೆ 805. ಹಿಮಾಲಯನ್ 450ಕ್ಕೆ 825. ಕೆಟಿಎಂ 390 ಅಡ್ವೆಂಚರ್ 2020ರಲ್ಲಿ ಬಂದಾಗ 855. ಸಂಬಳ ಏರಿದ ಹಾಗೆ ಸೀಟೂ ಏರುತ್ತದೆ. ಮ್ಯಾನೇಜರ್ ಆದವನ ಕಾಲು ಗುಮಾಸ್ತನ ಕಾಲಿಗಿಂತ ಎರಡಿಂಚು ಉದ್ದ ಇರುತ್ತದೆ ಅಂತ ಯಾರು ಯಾರಿಗೆ ಹೇಳಿದರೋ!

ತಗ್ಗು ಗಾಡಿ ಇಲ್ಲ ಅಂತಲ್ಲ. ಮೀಟಿಯರ್ 350ರ ಸೀಟು 765, ಅವೆಂಜರ್‌ನದು 737. ಅದರಲ್ಲೊಂದು ಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಮನೆಯಾಕೆಯೂ ಅದನ್ನೇ ಕೇಳಿದಳು. ಆದರೆ ಅವುಗಳ ಮೇಲೆ ಕೂತರೆ ಕಾರಿನವರ ನೆತ್ತಿ ಕಾಣುವುದಿಲ್ಲ. ಐವತ್ತು ವರ್ಷ ಎಲ್ಲರ ನೆತ್ತಿಯನ್ನೂ ಕೆಳಗಿಂದಲೇ ಊಹಿಸಿಕೊಂಡು ಬದುಕಿದವನಿಗೆ ಸಿಗ್ನಲ್ಲಿನಲ್ಲಾದರೂ ನಾಲ್ಕು ಬೋಳುತಲೆ ನೋಡುವ ಆಸೆ ಇರಬಾರದೇ? ಇನ್ನು ನಾನು ಕೊಂಡ ಎತ್ತರದ ಗಾಡಿ ಏರಿ ಹೋಗುವುದು ಬನಶಂಕರಿಯಿಂದ ಕೋರಮಂಗಲಕ್ಕೆ. ದಾರಿಯಲ್ಲಿ ಸಿಗುವ ಏಕೈಕ ಹಿಮವೆಂದರೆ ಬೆಳ್ಳಂದೂರು ಕೆರೆಯ ನೊರೆ. ಅದಕ್ಕೂ ಸುತ್ತಿಕೊಂಡು ಹೋಗಬೇಕು.

ಗಾಡಿ ಓಡುವಾಗ ಕುಳ್ಳನಿಗೂ ಉದ್ದನೆಯವನಿಗೂ ವ್ಯತ್ಯಾಸವಿಲ್ಲ. ನಿಲ್ಲುವಾಗ ಇದೆ, ಈ ಊರಿನಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ರಸ್ತೆಯ ಅಂಚು ನೀರು ಹರಿಯಲೆಂದು ಎಡಕ್ಕೆ ಇಳಿಜಾರು. ನನ್ನ ಎಡಗಾಲು ಇಳಿಯುವುದೂ ಅಲ್ಲೇ. ಕಾಲಿಟ್ಟ ಕಡೆ ಗುಂಡಿ. ಸುಮಾರು 200 ಕೆ.ಜಿ. ಗಾಡಿ ಒಂದು ಕ್ಷಣ ಯೋಚಿಸಿ, ಆಮೇಲೆ ನಿಧಾನವಾಗಿ, ಬಹಳ ಗೌರವದಿಂದ ಮಲಗುತ್ತದೆ. ಡಾಂಬರಿನ ಮೇಲೆ ಡಾಂಬರು ಸುರಿದೂ ಸುರಿದೂ ಬೆಂಗಳೂರಿನ ಎಷ್ಟೋ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಾಗಿವೆ. ಮಳೆ ಬಂದರೆ ರಸ್ತೆ ಅಡುಗೆಮನೆಗೇ ಬರುತ್ತದೆ. ಹೀಗೆ ಎಲ್ಲರ ಮನೆಗೂ ಏರಿದ ರಸ್ತೆ ನನ್ನ ಪಾದಕ್ಕೆ ಮಾತ್ರ ಏರಿ ಬರಲಿಲ್ಲ.

ಜೆ.ಸಿ. ರಸ್ತೆಗೆ ಹೋದೆ. ಸೀಟ್ ಕವರ್ ಅಂಗಡಿಯ ಮೇಸ್ತ್ರಿ ರೆಕ್ಸಿನ್ ಬಿಚ್ಚಿ, ಫೋಮು ಒತ್ತಿ ನೋಡಿ, ನನ್ನ ಕಾಲನ್ನೂ ನೋಡಿದ. “ಎರಡಿಂಚು ತೆಗಿ” ಅಂದೆ. “ಎರಡಿಂಚು ತೆಗುದ್ರೆ ತಳದ್ ಮೇಲೇ ಕೂತಂಗಾಗತ್ತೆ ಸಾರ್. ಮುಂದ್ಗಡೆ ಅಗಲ ಕೊಯ್ತೀನಿ, ಕಾಲು ನೇರ ಇಳೀತದೆ” ಅಂದ. ಎತ್ತರದ ರೋಗಕ್ಕೆ ಅಗಲದ ಮದ್ದೇ? ನಾನು ಓದಿದವನು, ನಕ್ಕುಬಿಟ್ಟೆ. ಎರಡಿಂಚೇ ತೆಗೆಸಿದೆ. ಕನಕಪುರ ಮುಟ್ಟುವಷ್ಟರಲ್ಲಿ ಬೆನ್ನುಮೂಳೆಯ ಕೊನೆಯ ಮಣಿ ಯಾವುದು ಅಂತ ವೈದ್ಯರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ತೊಡೆ ಅಗಲಿಸಿ ಕೂತಷ್ಟೂ ಕಾಲು ಮೇಲಕ್ಕೆ ಹೋಗುತ್ತದೆ, ಸೀಟಿನ ಮೂಗು ಸಣ್ಣದಾದರೆ ಅದೇ ಕಾಲು ಅಷ್ಟೇ ಎತ್ತರದಲ್ಲಿ ನೆಲ ಮುಟ್ಟುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ದರ್ಜಿಯ ಕಣ್ಣು ಸಾಕು. (ಕೆಲವು ಕಂಪನಿಗಳು ತಾವೇ ತಗ್ಗು ಸೀಟು ಮಾಡಿ ಬೇರೆಯಾಗಿ ಮಾರುತ್ತವೆ. ಫೋಮು ಕಮ್ಮಿ, ದುಡ್ಡು ಜಾಸ್ತಿ.)

ಫೋಮು ಮುಗಿಯಿತು, ಇನ್ನು ಕಬ್ಬಿಣಕ್ಕೆ ಬಂದೆ. ನನ್ನ ಗಾಡಿಯಂಥವುಗಳಲ್ಲಿ ಹಿಂದಿನ ಶಾಕಪ್ಸಿಗೂ ಚಕ್ರದ ತೋಳಿಗೂ ನಡುವೆ ಒಂದು ಜೊತೆ ಪಟ್ಟಿ ಇರುತ್ತದೆ, ಲಿಂಕ್ ಅನ್ನುತ್ತಾರೆ. ಅದನ್ನು ಕೊಂಚ ಉದ್ದದ್ದು ಹಾಕಿದರೆ ಗಾಡಿಯ ಹಿಂಭಾಗ ಕೂರುತ್ತದೆ. ಕೂತಿತು. ನನ್ನ ಎರಡೂ ಮುಂಗಾಲು ನೆಲ ಮುಟ್ಟಿದವು. ಕಣ್ಣಲ್ಲಿ ನೀರು ಬಂತು.

ಆ ಸಂಜೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಗಾಡಿ ವಾಲಲಿಲ್ಲ, ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗನ ಹಾಗೆ ನೆಟ್ಟಗೆ ನಿಂತಿತು. ಗಾಡಿ ಇಳಿದಿತ್ತು, ಸ್ಟ್ಯಾಂಡ್ ಇಳಿದಿರಲಿಲ್ಲ. ಒಂದು ಗಾಳಿ ಬೀಸಿತು. ಬಲಕ್ಕೆ, ಪಕ್ಕದ ಮನೆಯವರ ಕಾರಿನ ಮೇಲೆ. ಮಾರನೆಯ ದಿನ ಸ್ಟ್ಯಾಂಡ್ ಒಂದಿಂಚು ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ರಾತ್ರಿ ಹೊರಟರೆ ಹೆಡ್‌ಲೈಟು ರಸ್ತೆ ಬಿಟ್ಟು ಎರಡನೇ ಮಹಡಿಯ ಬಾಲ್ಕನಿ ಹುಡುಕುತ್ತಿತ್ತು. ಹಿಂಭಾಗ ಕೂತರೆ ಮೂಗು ಮೇಲೇಳಲೇಬೇಕು. ಹ್ಯಾಂಡಲ್ ತಿರುವಿದರೆ ಸರ್ಕಾರಿ ಕಡತದಂತೆ ನಿಧಾನ. “ಮುಂದ್ಗಡೆನೂ ಇಳಿಸ್ಬೇಕು ಸಾರ್” ಅಂದ ಮೆಕ್ಯಾನಿಕ್, ಫೋರ್ಕ್ ಕೊಳವೆಗಳನ್ನು ಹಿಡಿಕೆಯಲ್ಲಿ ಸಡಿಲಿಸಿ ಮೇಲಕ್ಕೆ ಸರಿಸಿದ. ಈಗ ಎಲ್ಲ ಸಮ. ಸಮವಾದ ಮೇಲೆ ಹೊಟ್ಟೆ ನೆಲಕ್ಕೆ ಹತ್ತಿರ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೇಲೆ ಸೊಗಸಾದ ದುಂಡು. ನಮ್ಮ ಬಡಾವಣೆಯ ಹಂಪನ್ನು ಹಾಕಿದವರು ಆ ಪುಸ್ತಕ ಓದಿಲ್ಲ. ಅದು ಗೋಡೆ ಕಟ್ಟಲು ಹೊರಟು ಮನಸ್ಸು ಬದಲಿಸಿದಂತಿದೆ. ಬೆಟ್ಟ ದಾಟಲೆಂದು ಹುಟ್ಟಿದ ಗಾಡಿ ನಮ್ಮ ನಾಲ್ಕನೇ ಕ್ರಾಸಿನ ಹಂಪಿನ ಮೇಲೆ ತಕ್ಕಡಿಯ ಹಾಗೆ ತೂಗಿತು. ಸೌದೆ ಹೊತ್ತ ಮುದುಕರೊಬ್ಬರು ಹಿಂದಿನಿಂದ ತಳ್ಳಿದರು.

ಆಫೀಸಿನ ಗೆಳೆಯರೊಬ್ಬರು ಕಾನೂನು ಹೇಳಿ ಹೆದರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಉಂಟು, 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ತಿದ್ದುವಂತಿಲ್ಲ ಅಂತ. ಆರ್‌ಸಿ ತೆಗೆದು ನೋಡಿದೆ. ಬಣ್ಣ ಇದೆ, ತೂಕ ಇದೆ, ಎರಡು ಚಕ್ರದ ನಡುವಿನ ಅಂತರವೂ ಇದೆ. ಸೀಟಿನ ಎತ್ತರ ಇಲ್ಲ. ಲೈಸೆನ್ಸ್ ತೆಗೆದೆ. ನನ್ನ ರಕ್ತದ ಗುಂಪು ಇದೆ. ಕಾಲಿನ ಉದ್ದ ಇಲ್ಲ. ಬಿದ್ದ ಮೇಲೆ ಬೇಕಾಗುವುದನ್ನು ಮಾತ್ರ ಸರ್ಕಾರ ಬರೆದಿಟ್ಟುಕೊಂಡಿದೆ.

ಕುಳ್ಳರ ಮಾನ ಉಳಿಸಿದವರು ಇಲ್ಲದಿಲ್ಲ. ನಮ್ಮ ದ್ವಾರಕೀಶರು ಸಿನಿಮಾಕ್ಕೆ ಬರುವ ಮೊದಲು ಮೈಸೂರಿನಲ್ಲಿ ವಾಹನದ ಬಿಡಿಭಾಗ ಮಾರುತ್ತಿದ್ದವರು. ಕುಳ್ಳ ಅನ್ನುವ ಪದವನ್ನೇ ಪೋಸ್ಟರಿಗೆ ಹಾಕಿ ದುಡಿಸಿಕೊಂಡರು. ಸ್ಪೇನಿನ ಡ್ಯಾನಿ ಪೆಡ್ರೋಸಾ ಸುಮಾರು ನನ್ನಷ್ಟೇ ಎತ್ತರ, ಮೋಟೋಜಿಪಿಯಲ್ಲಿ 31 ರೇಸ್ ಗೆದ್ದ. ಅವನ ದಾರಿಯಲ್ಲಿ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೊನೆಗೆ ಬಂದವಳು ಅಕ್ಕನ ಮಗಳು. ಐದೇ ಅಡಿ. ಅವಳು ಯಾವ ಶೋರೂಮಿಗೆ ಹೋದರೂ “ಸ್ಕೂಟರ್ ಆ ಕಡೆ ಇದೆ ಮೇಡಂ” ಅಂತಾರಂತೆ. ನನ್ನ ಗಾಡಿ ಹತ್ತಿ ಒಂದು ಸುತ್ತು ಹೊಡೆದು ಬಂದಳು. ನಿಲ್ಲಿಸುವಾಗ ಕುಂಡೆಯನ್ನು ಸೀಟಿನ ಎಡಕ್ಕೆ ಸರಿಸಿ, ಎಡಗಾಲು ಪೂರ್ತಿ ಊರಿ, ಬಲಗಾಲು ಬ್ರೇಕಿನ ಮೇಲಿಟ್ಟು ಕೂತಳು. ಗಾಡಿ ಅಲ್ಲಾಡಲಿಲ್ಲ.

“ಎರಡೂ ಕಾಲು ಊರೋಕೆ ಇದೇನು ಮಂಚಾನಾ ಮಾವ?”

ಫೋಮಿಗೆ, ಲಿಂಕಿಗೆ, ವೆಲ್ಡಿಂಗಿಗೆ, ಪಕ್ಕದ ಮನೆಯ ಕಾರಿನ ಬಾಗಿಲಿಗೆ ನಾನು ಸುರಿದ ದುಡ್ಡಿನಲ್ಲಿ ಒಂದು ಹಳೆಯ ಸ್ಪ್ಲೆಂಡರ್ ಬರುತ್ತಿತ್ತು. ಅವಳ ಪಾಠಕ್ಕೆ ಒಂದು ಲೋಟ ಕಾಫಿ ಖರ್ಚಾಯಿತು.

ಲಿಂಕು, ಫೋರ್ಕು ಎಲ್ಲವನ್ನೂ ಮತ್ತೆ ಮೊದಲಿನಂತೆ ಹಾಕಿಸಿದ್ದೇನೆ. ಸೀಟಿಗೆ ಫೋಮು ಅಂಟಿಸಿ, ಈ ಸಲ ಮೇಸ್ತ್ರಿ ಹೇಳಿದ ಹಾಗೆ ಅಗಲ ಕೊಯ್ಸಿದ್ದೇನೆ. ಕತ್ತರಿಸಿದ ಸೈಡ್ ಸ್ಟ್ಯಾಂಡ್ ಮಾತ್ರ ಗಿಡ್ಡವಾಗಿಯೇ ಉಳಿದಿದೆ. ಗಾಡಿ ಈಗ ಎಡಕ್ಕೆ ವಿಪರೀತ ವಾಲುತ್ತದೆ, ಕೆಳಗೆ ಒಂದಿಂಚಿನ ಹಲಗೆ ಚೂರು ಇಡಬೇಕು. ನಮ್ಮ ಗೇಟಿನ ಪಕ್ಕ ಬಿದ್ದಿರುವ ಆ ಚೂರನ್ನು ಕಸವೆಂದು ತಿಳಿದು ದಯವಿಟ್ಟು ಯಾರೂ ಎತ್ತಿಕೊಂಡು ಹೋಗಬೇಡಿ.