ಸೋಫಾ ಮೇಲಿನ ಗಡ್ಡೆ

ಟೀವಿ ಮುಂದೆ ಸೋಫಾದಲ್ಲಿ ಬಿದ್ದುಕೊಂಡು ಕರೆದರೂ ಏಳದ ಆಸಾಮಿಗೆ ಇಂಗ್ಲಿಷಿನಲ್ಲಿ ‘ಕೌಚ್ ಪೊಟಾಟೊ’ ಎನ್ನುತ್ತಾರೆ. ಅಮೆರಿಕದ ಹಿಕ್ಸ್‌ವಿಲ್‌ನ ನಮ್ಮ ಮನೆಯಲ್ಲಿ ಭಾನುವಾರ ಆ ಬಿರುದು ನನಗೇ ಮೀಸಲು. ಆದರೆ ಅದನ್ನು ಕೇಳಿ ನೊಂದುಕೊಳ್ಳುವವರು ಊರಿಂದ ಬಂದಿರುವ ನಮ್ಮ ಮಾವ. ಹಾಸನದ ಕಡೆಯವರು, ಜಲಂಧರದ ಬಿತ್ತನೆ ಗಡ್ಡೆಗೆ ಸಾಲ ಮಾಡಿ, ಅಂಗಮಾರಿಗೆ ಔಷಧಿ ಹೊಡೆದು ಆಲೂಗಡ್ಡೆ ಬೆಳೆ ತೆಗೆದವರು. “ಅಲ್ಲ ಅಳಿಯಂದ್ರೇ, ಮೂರು ತಿಂಗಳಲ್ಲಿ ಮಣ್ಣೊಳಗೇ ಸಂಸಾರ ಬೆಳೆಸಿಬಿಡುತ್ತೆ ಅದು. ಅದನ್ನ ಸೋಮಾರಿ ಅನ್ನೋದಾ?” ಎನ್ನುತ್ತಾರೆ. ನನ್ನನ್ನು ಹಾಗೆ ಕರೆಯುವುದಕ್ಕೆ ಮಾತ್ರ ಅವರ ತಕರಾರಿಲ್ಲ.

ಈ ಮಾತು ಹುಟ್ಟಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಟಾಮ್ ಐಸಿನೊ ಎಂಬಾತನ ಬಾಯಲ್ಲಿ. ಅಮೆರಿಕದವರು ಟೀವಿಯನ್ನು ‘ಬೂಬ್ ಟ್ಯೂಬ್’ ಎಂದು ಆಡಿಕೊಳ್ಳುತ್ತಿದ್ದರು. ಅಂದರೆ ಪೆದ್ದರ ಪೆಟ್ಟಿಗೆ. ಅದನ್ನು ನೋಡುತ್ತ ಕೂತವನು ಟ್ಯೂಬರ್. ಟ್ಯೂಬರ್ ಎಂದರೆ ಗಡ್ಡೆಯೂ ಹೌದು. ಗಡ್ಡೆ ಆಲೂಗಡ್ಡೆಯಾಗಲು ಎಷ್ಟು ಹೊತ್ತು? ಅವನ ಗೆಳೆಯ, ವ್ಯಂಗ್ಯಚಿತ್ರಕಾರ ರಾಬರ್ಟ್ ಆರ್ಮ್‌ಸ್ಟ್ರಾಂಗ್, ಸೋಫಾ ಏರಿದ ಆಲೂಗಡ್ಡೆಯ ಚಿತ್ರ ಬರೆದ, ಹೆಸರಿಗೆ ಟ್ರೇಡ್‌ಮಾರ್ಕನ್ನೂ ಮಾಡಿಸಿದ. ಸೋಮಾರಿತನದ ವಿಷಯದಲ್ಲಿ ಇಷ್ಟೊಂದು ಚುರುಕು! 2005ರಲ್ಲಿ ಬ್ರಿಟನ್ನಿನ ಆಲೂಗಡ್ಡೆ ಬೆಳೆಗಾರರು ಬೀದಿಗಿಳಿದು, ಆಕ್ಸ್‌ಫರ್ಡ್ ನಿಘಂಟಿನಿಂದ ಈ ಪದ ತೆಗೆಯಿರಿ, ಬೇಕಿದ್ದರೆ ‘ಕೌಚ್ ಸ್ಲೌಚ್’ ಅನ್ನಿ ಎಂದು ಕೇಳಿಕೊಂಡರು. ನಿಘಂಟು ಕೂತಲ್ಲಿಂದ ಕದಲಲಿಲ್ಲ.

ಮಾವನ ಪರ ಸಾಕ್ಷಿ ಹೇಳಲು ಹಿಕ್ಸ್‌ವಿಲ್‌ಗಿಂತ ಯೋಗ್ಯ ಊರಿಲ್ಲ. ಈಗ ಬ್ರಾಡ್‌ವೇ ಉದ್ದಕ್ಕೂ ದೋಸೆ, ಸೀರೆ, ಬೇಳೆಕಾಳಿನ ಅಂಗಡಿಗಳು. ಒಂದು ಕಾಲಕ್ಕೆ ಸುತ್ತಲೂ ಇದ್ದದ್ದು ಆಲೂಗಡ್ಡೆ, ಸೌತೆಕಾಯಿಯ ಹೊಲಗಳು. ಹೈನ್ಜ್ ಕಂಪನಿಯ ಉಪ್ಪಿನಕಾಯಿ ಕಾರ್ಖಾನೆಯೂ ಇತ್ತು. 1941ರಲ್ಲಿ ಇಲ್ಲಿಯ ಹೊಲವೊಂದರಲ್ಲಿ ಗೋಲ್ಡನ್ ನೆಮಟೋಡ್ ಎಂಬ ಬೇರುಹುಳು ಕಂಡಿತು. ಅಮೆರಿಕದಲ್ಲಿ ಅದು ಸಿಕ್ಕಿದ್ದು ಅದೇ ಮೊದಲು. 1947ರ ಹೊತ್ತಿಗೆ ಬಿಲ್ಡರ್ ವಿಲಿಯಂ ಲೆವಿಟ್ ಪಕ್ಕದ ಆಲೂಗಡ್ಡೆ ಹೊಲಗಳಲ್ಲಿ ಒಂದೇ ಅಚ್ಚಿನ ಮನೆಗಳನ್ನು ಎಬ್ಬಿಸತೊಡಗಿದ; ನಾಲ್ಕೈದು ವರ್ಷದಲ್ಲಿ 17,000ಕ್ಕೂ ಹೆಚ್ಚು ಮನೆಗಳಾದವು. 1950ರ ಮಾದರಿಯಲ್ಲಿ ಹಾಲ್‌ನ ಮೆಟ್ಟಿಲ ಬದಿಗೇ ಟೀವಿ ಕೂರಿಸಿ ಕೊಟ್ಟ. ಆಲೂಗಡ್ಡೆಯನ್ನು ಎಬ್ಬಿಸಿ ಕಳಿಸಿ, ಅದೇ ಜಾಗದಲ್ಲಿ ನಾವು ಕೂತೆವು; ಕಾಲು ಶತಮಾನ ಕಳೆದ ಮೇಲೆ ಹೆಸರನ್ನೂ ಅದರ ತಲೆಗೇ ಕಟ್ಟಿದೆವು.

ಆ ಹುಳುವಿನ ಸಂಗತಿ ಕೇಳಿ. ಅದರ ಮೊಟ್ಟೆಗಳು ಗಟ್ಟಿ ಕೋಶದೊಳಗೆ, ಅನ್ನಾಹಾರ ಕೇಳದೆ, ದಶಕಗಳ ಕಾಲ ಮಣ್ಣಲ್ಲಿ ಬಿದ್ದಿರಬಲ್ಲವು. ಆಲೂಗಡ್ಡೆ ಬೇರಿನ ರಸ ಸೋಕಿದ್ದೇ ತಡ, ಒಳಗಿನ ಮರಿಗಳು ಎದ್ದು ಹೊರಡುತ್ತವೆ. ಮಾವನಿಗೆ ಇದನ್ನು ವಿವರಿಸುತ್ತಿದ್ದಾಗ ಅಡುಗೆಮನೆಯಿಂದ ಬೋಂಡದ ವಾಸನೆ ಬಂತು, ನಾನು ಎದ್ದೆ. “ಸರಿ ಬಿಡಿ, ಹೆಸರು ಬದಲಾಯಿಸೋಣ,” ಎಂದರು ಮಾವ, “ಗಡ್ಡೆ ಬೇಡ, ಹುಳು ಅಂತಿಟ್ಕೊಳ್ಳಿ.”