ಕೋಣೆ ಕೊಡಿ, ನೆಲ ಕೊಡಬೇಡಿ

ಗೋಕರ್ಣಕ್ಕೆ ಮತ್ತೆ ಜನ ಬಂದದ್ದು ಒಳ್ಳೆಯದೇ ಅಕ್ಕ, ನಾನು ಬೇಡ ಅನ್ನುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ರಥಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಈಗ ಶನಿವಾರ ಬಂತೆಂದರೆ ಗಾಡಿ ನಿಲ್ಲಿಸಲು ಜಾಗವಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಘಟ್ಟದ ಮೇಲಿನ ಹೆಂಗಸರೂ ಗುಂಪುಗುಂಪಾಗಿ ಬಸ್ಸಿಳಿಯುತ್ತಾರೆ. ಮಹಾಬಲೇಶ್ವರನ ದರ್ಶನಕ್ಕೆ ಬಂದವರಿಂದ ಹೂವು-ಹಣ್ಣಿನವರಿಗೆ, ಊಟದ ಮನೆಯವರಿಗೆ ನಾಲ್ಕು ಕಾಸು. ಕುಡ್ಲೆ, ಓಂ ಬೀಚಿಗೆ ಬಂದವರಿಂದ ಕೋಣೆಯವರಿಗೆ, ರಿಕ್ಷಾದವರಿಗೆ.

ಆದರೆ ನಿಮ್ಮ ಹಿತ್ತಲಿಗೆ ಗಿರಾಕಿ ಬಂದಿದ್ದಾರೆ ಎಂದಿರಲ್ಲ, ಅದಕ್ಕೇ ಈ ಮಾತು. ಮನೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟರೆ ಬಂದ ದುಡ್ಡು ನಮ್ಮೂರ ಕಿರಾಣಿಗೆ, ಹಾಲಿನವನಿಗೆ, ಗಾರೆ ಕೆಲಸದವನಿಗೆ ಸುತ್ತುತ್ತದೆ. ಹೊರಗಿನವರು ಜಾಗ ಕೊಂಡು ರೆಸಾರ್ಟ್ ಕಟ್ಟಿದರೆ ಲಾಭ ಅವರೂರಿಗೆ ಹೋಗುತ್ತದೆ. ನಮ್ಮ ಮಕ್ಕಳಿಗೆ ಉಳಿಯುವುದು ಸಂಬಳ ಮಾತ್ರ, ಅದೂ ಸೀಸನ್ ಇದ್ದಷ್ಟು ದಿನ.

"ಸೀಸನ್ನಿನಲ್ಲೇ ವರ್ಷದ್ದು ದುಡಿಯಬಹುದಲ್ಲ" ಎಂದಿರಾ? ಮಳೆಗಾಲವನ್ನು ನೆನೆಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, 61 ದಿನ ನಿಷೇಧ. ಬೀಚಿನ ವ್ಯಾಪಾರವೂ ಅದೇ ಹೊತ್ತಿಗೆ ಇಳಿಯುತ್ತದೆ. ಎರಡೂ ಕೈ ಒಟ್ಟಿಗೆ ಕಟ್ಟಿಹೋದಾಗ ಮನೆ ನಡೆಸುವುದು ಹಿತ್ತಲ ತೆಂಗು, ಕಣಜದ ಅಕ್ಕಿ. ಲಾಕ್‌ಡೌನಿನಲ್ಲೂ ತುಂಡು ನೆಲ ಇದ್ದವರು ಹೇಗೋ ದಾಟಿಕೊಂಡರು.

ಬಾವಿಯ ಮಾತೂ ಇದೆ. ಕಡಲಂಚಿನ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಈಜುಕೊಳಕ್ಕೆ, ಹತ್ತಾರು ಸ್ನಾನದ ಮನೆಗಳಿಗೆ ಎಂದು ಪಂಪು ಹಾಕಿ ಎಳೆದಷ್ಟೂ ಅಡಿಯ ಉಪ್ಪು ಮೇಲೇರುತ್ತದೆ. ಜಾಗ ಒಬ್ಬರು ಮಾರಿದರೂ ನೀರು ಕೆಡುವುದು ಕೇರಿಗೆಲ್ಲ. ಏಪ್ರಿಲ್‌ನಲ್ಲಿ ಕೊಡ ಹಿಡಿದು ಅಲೆಯುವವರು ಹೆಂಗಸರೇ ತಾನೆ?

ಬಂದವರಿಗೆ ನಮ್ಮದನ್ನೇ ಬಡಿಸೋಣ ಅಕ್ಕ. ಹಾಲಕ್ಕಿ ಹೆಂಗಸರು ಬೆಳೆದು ತರುವ ಹರಿವೆ, ಬದನೆ ಇದೆ. ಕುಮಟೆಯ ಸಿಹಿ ಈರುಳ್ಳಿ ಇದೆ. ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಬಳಚು ಇದೆ. ಹೋಟೆಲಿನವರು ದಿನಸಿಯ ಅರ್ಧವನ್ನಾದರೂ ಇವರಿಂದ ಕೊಂಡರೆ, ಬೀಚಿಗೆ ಕಾಲಿಡದ ಮನೆಗೂ ಪ್ರವಾಸಿಯ ದುಡ್ಡು ಮುಟ್ಟುತ್ತದೆ. ಪಂಚಾಯ್ತಿಯವರು ಪರವಾನಗಿ ಕೊಡುವ ಮೊದಲು ನೀರು ಎಲ್ಲಿಂದ, ಕಸ ಎಲ್ಲಿಗೆ ಎಂದು ಗಟ್ಟಿಯಾಗಿ ಕೇಳಲಿ. ಮುಂದಿನ ಗ್ರಾಮಸಭೆಗೆ ನೀವೂ ಬನ್ನಿ, ನಾವಿಬ್ಬರೂ ಕೇಳೋಣ.

ಮಗನಿಗೆ ಹೇಳಿ: ದುಡ್ಡು ಬೇಕಾದರೆ ಸಹಕಾರಿ ಸಂಘದಲ್ಲಿ ಸಾಲ ಮಾಡಿ ಎರಡು ಕೋಣೆ ಕಟ್ಟಲಿ, ಹೆಂಡತಿ ಹೆಸರಲ್ಲೇ ನಡೆಸಲಿ. ಹಿತ್ತಲನ್ನು ಮಾತ್ರ ಮಾರಬೇಡಿ.